ಬೆಟ್ಟದ ಸೊನ್ನೆ: ಭೂಮಿಯ ಮತ್ತು ಭೂಮಿಯಾಚೆಯ ಪರ್ವತಗಳ ಎತ್ತರ ಕುರಿತು ಒಂದು ಟಿಪ್ಪಣಿ

ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ: ಸಮುದ್ರಮಟ್ಟದಿಂದ ಇಷ್ಟು ಮೀಟರ್. ಸಕಲೇಶಪುರದಲ್ಲಿ ಅದು 900ರ ಆಸುಪಾಸು. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗ ದಾಟಿ ಇಳಿಯುವ ಹೊತ್ತಿಗೆ ಅಂಕಿ ನೂರು ಚಿಲ್ಲರೆಗೆ ಬಂದಿರುತ್ತದೆ. ಯಾವ ಸಮುದ್ರ, ಯಾವ ದಡದಲ್ಲಿ ಅಳೆದದ್ದು, ಯಾವ ಕಾಲದ ಮಟ್ಟ ಎಂದು ಫಲಕ ಹೇಳುವುದಿಲ್ಲ. ಪ್ರಯಾಣಿಕನಿಗೂ ಅದು ಬೇಕಿಲ್ಲ. ಒಂದೇ ದೇಶದ ಎರಡು ನಿಲ್ದಾಣಗಳನ್ನು ಹೋಲಿಸುವಾಗ ಎರಡಕ್ಕೂ ಸೊನ್ನೆ ಒಂದೇ ಆಗಿರುವುದರಿಂದ ಕೇಳದಿದ್ದರೂ ನಡೆಯುತ್ತದೆ.

ಆದರೆ ಇದೇ ನಿಶ್ಚಿಂತೆಯನ್ನು ನಾವು ಬೇರೆ ಬೇರೆ ಲೋಕಗಳ ಬೆಟ್ಟಗಳಿಗೂ ಒಯ್ದಿದ್ದೇವೆ. ಎವರೆಸ್ಟ್ 8.8 ಕಿ.ಮೀ., ಮಂಗಳನ ಒಲಿಂಪಸ್ ಸುಮಾರು 22 ಕಿ.ಮೀ., ಆದ್ದರಿಂದ ಅದು ಎವರೆಸ್ಟಿನ ಎರಡೂವರೆ ಪಟ್ಟು ಎಂಬ ವಾಕ್ಯ ಶಾಲಾಪುಸ್ತಕದಿಂದ ರಸಪ್ರಶ್ನೆಯವರೆಗೆ ಎಲ್ಲೆಲ್ಲೂ ಇದೆ. ಅಂಕಿಗಳು ಸುಳ್ಳಲ್ಲ, ಭಾಗಾಕಾರವೂ ಸರಿ. ಆದರೆ ಮೊದಲನೆಯದು ಕಡಲಿನಿಂದ ಅಳೆದದ್ದು, ಎರಡನೆಯದು ಹೆಚ್ಚುಕಡಿಮೆ ಬೆಟ್ಟದ ಬುಡದಿಂದ ಅಳೆದದ್ದು. ಮಂಗಳನಲ್ಲಿ ಕಡಲಿಲ್ಲ. ಎತ್ತರ ಎನ್ನುವುದು ಬೆಟ್ಟದೊಳಗೆ ಅಡಗಿದ ಗುಣವಲ್ಲ. ಬೆಟ್ಟಕ್ಕೂ ನಾವು ಆರಿಸಿಕೊಂಡ ಸೊನ್ನೆಗೂ ನಡುವಿನ ಅಂತರ. ಆ ಸೊನ್ನೆಯನ್ನು ಯಾರು, ಹೇಗೆ ಆರಿಸಿದರು ಎಂಬುದೇ ಈ ಟಿಪ್ಪಣಿಯ ವಿಷಯ.

ಚರ್ಚೆಗೆ ಅನುಕೂಲವಾಗಲೆಂದು ಮೂರು ಮಾತುಗಳನ್ನು ಬಳಸುತ್ತೇನೆ. ಒಪ್ಪಿತವಾದ ಒಂದು ಸೊನ್ನೆ ಮೇಲ್ಮೈಯಿಂದ ಅಳೆದದ್ದು ಮಟ್ಟದೆತ್ತರ. ಬೆಟ್ಟದ ತಪ್ಪಲಿನಿಂದ ತುದಿಯವರೆಗೆ ಅಳೆದದ್ದು ತಪ್ಪಲೆತ್ತರ. ಗ್ರಹದ ನಡುಬಿಂದುವಿನಿಂದ ತುದಿಗಿರುವ ದೂರ ಕೇಂದ್ರದೂರ. ಪಾರಿಭಾಷಿಕ ಪದಕೋಶಗಳಲ್ಲಿ ಇವಕ್ಕೆ ಇನ್ನಷ್ಟು ಬಿಗಿಯಾದ ಸಂಸ್ಕೃತ ರೂಪಗಳನ್ನು ಕಟ್ಟಬಹುದು. ಆದರೆ ಬೆಟ್ಟದ ವಿಚಾರದಲ್ಲಿ ಹತ್ತಿ ಇಳಿದವರ ಮಾತೇ ಹೆಚ್ಚು ಕರಾರುವಾಕ್ಕು ಎಂದು ನನಗನಿಸಿದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮೊದಲು ನಮ್ಮದೇ ಸೊನ್ನೆ. ಭಾರತದ ಎತ್ತರಗಳಿಗೆ ಆಧಾರವಾದ ಸರಾಸರಿ ಸಮುದ್ರಮಟ್ಟವನ್ನು 1909ರಲ್ಲಿ ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಗಳಿಂದ ಕಟ್ಟಲಾಯಿತು. ಕರಾಚಿ, ಮುಂಬೈ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಇವುಗಳ ಜೊತೆಗೆ ನಮ್ಮ ಕಾರವಾರ. ಒಂಬತ್ತೂ ಕಡೆ ಕಡಲು ಒಂದೇ ಮಟ್ಟದಲ್ಲಿದೆ ಎಂದು ಊಹಿಸಿ, ಅಲ್ಲಿಂದ ದೇಶದೊಳಕ್ಕೆ ರಸಮಟ್ಟ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಎತ್ತರವನ್ನು ಹೊತ್ತೊಯ್ದರು. ರೈಲ್ವೆ ಫಲಕದ ಅಂಕಿ ಕೊನೆಗೆ ಬಂದು ನಿಲ್ಲುವುದು ಇಂಥ ಕೆಲವು ಬಂದರುಗಳ ನೀರಿನ ಮೇಲೆ.

ಆ ಊಹೆಯೇ ಪೂರ್ತಿ ಸರಿಯಲ್ಲ ಎಂಬುದು ಈಗ ಗೊತ್ತಿರುವ ಸಂಗತಿ. ಕಡಲು ಗುರುತ್ವದ ಮಾತು ಕೇಳುತ್ತದೆ. ಭೂಮಿಯೊಳಗಿನ ದ್ರವ್ಯ ಎಲ್ಲೆಡೆ ಒಂದೇ ಸಮನಾಗಿ ಹಂಚಿಕೆಯಾಗಿಲ್ಲವಾದ್ದರಿಂದ ಕಡಲ ಮೇಲ್ಮೈಯಲ್ಲೂ ಉಬ್ಬುತಗ್ಗುಗಳಿವೆ. ಇಡೀ ಭೂಮಿಯಲ್ಲಿ ಇಂಥ ಅತಿ ದೊಡ್ಡ ತಗ್ಗು ಇರುವುದು ನಮ್ಮ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಭೂಮಿಯ ಆಕಾರಕ್ಕೆ ಹೊಂದಿಸಿದ ನಯವಾದ ಗಣಿತದ ಅಂಡಾಕೃತಿಗಿಂತ ಅಲ್ಲಿ ಕಡಲು ಸುಮಾರು 106 ಮೀ. ಕೆಳಗಿದೆ. ಆಫ್ರಿಕಾದ ಅಡಿಯಿಂದ ಪೂರ್ವಕ್ಕೆ ಸರಿದ ಬಿಸಿಯಾದ, ಹಗುರ ದ್ರವ್ಯವೇ ಇದಕ್ಕೆ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ವಾದಿಸಿದರು. ಇದರ ಪರಿಣಾಮ ಬೆಂಗಳೂರಿನವರೆಗೂ ಚಾಚಿದೆ. ತಿದ್ದುಪಡಿ ಮಾಡದ ಜಿಪಿಎಸ್ ಉಪಕರಣ ಅಂಡಾಕೃತಿಯನ್ನೇ ಸೊನ್ನೆಯಾಗಿ ಹಿಡಿಯುವುದರಿಂದ, ಊರಿನ ಎತ್ತರವನ್ನು ಫಲಕಕ್ಕಿಂತ 85 ಮೀಟರಿನಷ್ಟು ಕಡಿಮೆ ತೋರಿಸುತ್ತದೆ. ನಿಲ್ದಾಣದಲ್ಲಿ ಉಪಕರಣ ಹಿಡಿದು ನಿಂತು, ಅದು ಕೆಟ್ಟಿದೆಯೆಂದು ನಾನೂ ಒಮ್ಮೆ ಬೈದುಕೊಂಡದ್ದುಂಟು. ಅದು ಕೆಟ್ಟಿರಲಿಲ್ಲ. ಅದರ ಸೊನ್ನೆ ಬೇರೆ, ಅಷ್ಟೆ.

ಎವರೆಸ್ಟಿನ ಅಂಕಿ ಹಲವು ಬಾರಿ ಬದಲಾದದ್ದಕ್ಕೆ ಒಂದು ಕಾರಣ ಇಲ್ಲಿದೆ. ಆ ಕಥೆಯ ಮೊದಲ ಸರಪಳಿ ಬಿದ್ದದ್ದೂ ನಮ್ಮಲ್ಲೇ: 1800ರ ಕೊನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಪೂರ್ವಾಭ್ಯಾಸದಂತೆ. ತ್ರಿಕೋನಗಳು ಉತ್ತರಕ್ಕೆ ಹಬ್ಬಿ ಹಿಮಾಲಯದ ಬುಡ ಮುಟ್ಟಲು ದಶಕಗಳೇ ಹಿಡಿದವು. ಬಯಲಿನಿಂದ ನೂರಾರು ಕಿ.ಮೀ. ದೂರದ ಶಿಖರಕ್ಕೆ ಹಿಡಿದ ಕೋನಗಳನ್ನು ಲೆಕ್ಕ ಹಾಕಿ ಅದು ಲೋಕದಲ್ಲೇ ಎತ್ತರದ್ದೆಂದು ಕಂಡುಕೊಂಡವನು ರಾಧಾನಾಥ ಸಿಕ್ದಾರ್, 1852ರಲ್ಲಿ. 1856ರಲ್ಲಿ ಹೊರಬಿದ್ದ ಅಂಕಿ 29,002 ಅಡಿ. ಸರಾಸರಿ ಸರಿಯಾಗಿ 29,000 ಬಂದಿತ್ತು, ಅಂದಾಜಿನ ಅಂಕಿಯೆಂದು ಜನ ಭಾವಿಸಬಾರದೆಂದು ಎರಡಡಿ ಸೇರಿಸಿದರು ಎಂಬ ಮಾತು ಸರ್ವೇಯರುಗಳ ನಡುವೆ ಇಂದಿಗೂ ಓಡಾಡುತ್ತದೆ. ಆಮೇಲೆ 8,848 ಮೀ. ಬಂತು. 2005ರಲ್ಲಿ ಚೀನಾ ಹಿಮದ ಹೊದಿಕೆ ಬಿಟ್ಟು ಬಂಡೆಯ ತುದಿಗೆ 8,844.43 ಎಂದಿತು. 2020ರ ಡಿಸೆಂಬರ್ 8ರಂದು ನೇಪಾಳ, ಚೀನಾ ಒಟ್ಟಾಗಿ 8,848.86 ಎಂದು ಸಾರಿದವು. ಅದಕ್ಕೆ ಮುಂಚೆ ಚೀನಾದ ಸೊನ್ನೆ ಹಳದಿ ಸಮುದ್ರದಲ್ಲಿತ್ತು, ನೇಪಾಳದ್ದು ಬಂಗಾಳ ಕೊಲ್ಲಿಯಲ್ಲಿ. ಇಬ್ಬರು ಒಂದೇ ಶಿಖರಕ್ಕೆ ಎರಡು ಕಡಲಿನಿಂದ ಏಣಿ ಹಾಕಿದ್ದರು.

ಮಹಾ ತ್ರಿಕೋನಮಿತಿ ಸರ್ವೆಯಲ್ಲೇ ಸಿಕ್ಕ ಇನ್ನೊಂದು ವಿಚಿತ್ರದ ಬಳಿ ಸ್ವಲ್ಪ ನಿಲ್ಲಬೇಕು. ಗಾರೆ ಕೆಲಸದವನ ತೂಗುಗುಂಡು ಯಾವತ್ತೂ ಭೂಮಿಯ ನಡುವಿಗೇ ನೇರವಾಗಿ ತೂಗುತ್ತದೆ ಎಂದು ನಂಬಿ ಸರ್ವೆ ನಡೆಯುತ್ತದೆ. ಮಗ್ಗುಲಲ್ಲಿ ಹಿಮಾಲಯದಷ್ಟು ದೊಡ್ಡ ರಾಶಿ ಇದ್ದರೆ ಗುಂಡು ಅತ್ತ ಕೊಂಚ ವಾಲಬೇಕು. ಉತ್ತರದ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರಗಳ ನಡುವಿನ ಅಂತರವನ್ನು ನೆಲದ ಮೇಲೆ ಅಳೆದದ್ದಕ್ಕೂ ನಕ್ಷತ್ರ ನೋಡಿ ಲೆಕ್ಕ ಹಾಕಿದ್ದಕ್ಕೂ 5.236 ವಿಕಲೆಯಷ್ಟು ವ್ಯತ್ಯಾಸ ಬಂತು. ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರ್ಯಾಟ್ ಹಿಮಾಲಯದ ಸೆಳೆತವನ್ನು ಗಣಿಸಿದಾಗ ವ್ಯತ್ಯಾಸ 15.885 ವಿಕಲೆ ಇರಬೇಕಿತ್ತು. ಬೆಟ್ಟ ತನ್ನ ಗಾತ್ರಕ್ಕೆ ತಕ್ಕಂತೆ ಎಳೆಯುತ್ತಿಲ್ಲ, ಮೂರರಲ್ಲೊಂದು ಪಾಲು ಮಾತ್ರ. 1855ರಲ್ಲಿ ಜಾರ್ಜ್ ಏರಿ ಇದಕ್ಕೊಂದು ವಿವರಣೆ ಕೊಟ್ಟ: ಬೆಟ್ಟದ ಕೆಳಗೆ ಹಗುರ ಬಂಡೆಯ ಬೇರು ಆಳಕ್ಕಿಳಿದಿದೆ, ನೀರಿನಲ್ಲಿ ತೇಲುವ ದಿಮ್ಮಿಯಂತೆ. ಮೇಲೆ ಕಾಣುವುದು ದಿಮ್ಮಿಯ ಬೆನ್ನು ಮಾತ್ರ. ಹಾಗಾದರೆ ಬೆಟ್ಟದ ನಿಜವಾದ ಬುಡ ಎಲ್ಲಿದೆ? ತಪ್ಪಲೆತ್ತರ ಎಂಬ ಸರಳ ಮಾತೂ ಇಲ್ಲಿ ಕಾಲು ಜಾರುತ್ತದೆ.

ಉಳಿದ ಭೂಮಿಯ ಉದಾಹರಣೆಗಳನ್ನು ಬೇಗ ದಾಟುತ್ತೇನೆ, ಇವು ಓದುಗರಿಗೆ ಗೊತ್ತಿರುವಂಥವೇ. ಎಕ್ವಡಾರಿನ ಚಿಂಬೊರಾಸೊ ಮಟ್ಟದೆತ್ತರದಲ್ಲಿ 6,263 ಮೀ. ಮಾತ್ರ. ಸಮಭಾಜಕದ ಬಳಿ ಭೂಮಿ ಉಬ್ಬಿರುವುದರಿಂದ ಕೇಂದ್ರದೂರದಲ್ಲಿ ಅದು ಎವರೆಸ್ಟನ್ನು ಸುಮಾರು 2 ಕಿ.ಮೀ. ಮೀರಿಸುತ್ತದೆ. ಹವಾಯಿಯ ಮೌನಾ ಕೆಯಾ ಕಡಲ ಮೇಲೆ 4,207 ಮೀ.; ಕಡಲ ತಳದ ತನ್ನ ಬುಡದಿಂದ ಎಣಿಸಿದರೆ ಸುಮಾರು 10 ಕಿ.ಮೀ. ಎವರೆಸ್ಟಿಗೆ ಅದೇ ಕೋಲು ಹಿಡಿದರೆ, ಟಿಬೆಟಿನ ಕಡೆಯ ತಪ್ಪಲು ಆಗಲೇ 5,200 ಮೀ. ಎತ್ತರದಲ್ಲಿರುವುದರಿಂದ, ಉಳಿಯುವುದು ಮೂರೂವರೆ ಕಿ.ಮೀ. ಚಿಲ್ಲರೆ. ಇನ್ನು ಭೂಮಿಯ ಅತಿ ಉದ್ದದ ಪರ್ವತಸಾಲು ಯಾವುದು ಎಂದರೆ ಆಂಡೀಸ್ ಎನ್ನುವುದು ವಾಡಿಕೆ. ವಾಸ್ತವದಲ್ಲಿ ಅದು ಕಡಲ ತಳದಲ್ಲಿ ಚೆಂಡಿನ ಹೊಲಿಗೆಯಂತೆ ಸುಮಾರು 65,000 ಕಿ.ಮೀ. ಸುತ್ತಿರುವ ಮಧ್ಯಸಾಗರ ಏಣು. 1950ರ ದಶಕದ ಮೊದಲಲ್ಲಿ ಹಡಗುಗಳು ತಂದ ಆಳದ ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಬಿಡಿಸುತ್ತಾ ಅದರ ನಡುವಿನ ಸೀಳುಕಣಿವೆಯನ್ನು ಗುರುತಿಸಿದವಳು ಮೇರಿ ಥಾರ್ಪ್. ಆ ಕಾಲದಲ್ಲಿ ಹೆಂಗಸರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಈ ಏಣಿನ ನೆತ್ತಿ ಬಹುಪಾಲು ಕಡಲ ಮಟ್ಟಕ್ಕಿಂತ ಸುಮಾರು 2,500 ಮೀ. ಕೆಳಗಿದೆ. ಮಟ್ಟದೆತ್ತರದ ಲೆಕ್ಕದಲ್ಲಿ ಭೂಮಿಯ ಅತಿ ದೊಡ್ಡ ಪರ್ವತಸಾಲಿನ ಎತ್ತರ ಋಣಸಂಖ್ಯೆ!

ಈಗ ಪಶ್ಚಿಮಘಟ್ಟ. ಇಲ್ಲಿ ನಾನು ತುಸು ನಿಧಾನವಾಗುತ್ತೇನೆ, ಏಕೆಂದರೆ ಭೂಮಿಯಾಚೆಯ ಬೆಟ್ಟಗಳನ್ನು ಓದಲು ಕೀಲಿಕೈ ಇಲ್ಲೇ ಸಿಗುತ್ತದೆ ಎಂಬುದು ನನ್ನ ಎಣಿಕೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೊರಟವನಿಗೆ ಪರ್ವತ ಹತ್ತಿದ ಅನುಭವವೇ ಆಗುವುದಿಲ್ಲ. ತೀರ್ಥಹಳ್ಳಿಯೇ 600 ಮೀಟರಿನ ಹತ್ತಿರ, ಆಗುಂಬೆ 650ರ ಆಸುಪಾಸು. ಆಗುಂಬೆ ದಾಟಿದ ಮೇಲೆ ನೆಲ ಒಮ್ಮೆಲೇ ಕಾಲಡಿಯಿಂದ ಕಳಚಿಕೊಳ್ಳುತ್ತದೆ, ರಸ್ತೆ ಹಿಮ್ಮುರಿ ತಿರುವುಗಳಲ್ಲಿ ಸೋಮೇಶ್ವರಕ್ಕೆ ಬೀಳುತ್ತದೆ. ಉಡುಪಿ ಕಡೆಯಿಂದ ಬಂದವನಿಗೆ ಇದು ಗೋಡೆಯಂಥ ಬೆಟ್ಟ, ಶಿವಮೊಗ್ಗದ ಕಡೆಯಿಂದ ಬಂದವನಿಗೆ ಬಯಲಿನ ಅಂಚು. ಒಂದೇ ನೆಲ, ಎರಡು ತಪ್ಪಲೆತ್ತರ: ಒಂದು ಕಡೆ ಐನೂರಕ್ಕೂ ಮಿಕ್ಕ ಮೀಟರು, ಇನ್ನೊಂದು ಕಡೆ ಐವತ್ತು.

ಭೂವಿಜ್ಞಾನವೂ ಇದನ್ನೇ ಹೇಳುತ್ತದೆ. ಹಿಮಾಲಯದಂತೆ ಎರಡು ಭೂಫಲಕಗಳು ಡಿಕ್ಕಿ ಹೊಡೆದು ಮಡಿಚಿ ಎದ್ದ ಸಾಲು ಇದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಸೀಳಿಕೊಂಡು ಹೋಯಿತು. 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾ ಉತ್ತರದ ಭಾಗವನ್ನು ಹೊದಿಸಿತು. ಸೀಳಿದ ಅಂಚು ಮಳೆಗೆ ಸವೆಯುತ್ತಾ ಒಳನಾಡಿನತ್ತ ಹಿಂಜರಿಯಿತು. ಹಾಗೆ ಉಳಿದದ್ದು ಪೂರ್ವಕ್ಕೆ ವಾಲಿದ ಪ್ರಸ್ಥಭೂಮಿಯ ಪಶ್ಚಿಮದ ಕಡಿದಾದ ತುದಿ. ನದಿಗಳೇ ಇದಕ್ಕೆ ಸಾಕ್ಷಿ. ಕೃಷ್ಣೆ ಹುಟ್ಟುವುದು ಅರಬ್ಬಿ ಸಮುದ್ರದಿಂದ ಅರವತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ, ಸೇರುವುದು ಬಂಗಾಳ ಕೊಲ್ಲಿಯನ್ನು. ತುಂಗೆ, ಭದ್ರೆ, ಕಾವೇರಿಯರದ್ದೂ ಅದೇ ಹಟ. ಪಶ್ಚಿಮಕ್ಕೆ ಹೊರಳಿದ ಶರಾವತಿ ಮಾತ್ರ ಜೋಗದಲ್ಲಿ 253 ಮೀ. ಒಂದೇ ಸಲ ಬೀಳಬೇಕಾಗುತ್ತದೆ. ಈ ಅಂಚಿನ ಕೊಂಚ ಒಳಗೆ ನಿಂತಿರುವ ಬಾಬಾಬುಡನ್ ಗಿರಿಸಾಲು ಬೇರೆ ಬಗೆಯದು. ಮುಳ್ಳಯ್ಯನಗಿರಿಯ ಮಟ್ಟದೆತ್ತರ 1,930 ಮೀ.; ಚಿಕ್ಕಮಗಳೂರು ಪೇಟೆಯಿಂದ ನೋಡಿದರೆ ಅದರಲ್ಲಿ ಎಂಟುನೂರು ಚಿಲ್ಲರೆ ಮಾತ್ರ ನಿಜವಾದ ಏರು. ಉಳಿದದ್ದು ಪ್ರಸ್ಥಭೂಮಿ ಕೊಟ್ಟ ಪೀಠ.

ಕನ್ನಡ ಇದನ್ನು ಮೊದಲೇ ಸರಿಯಾಗಿ ಹೆಸರಿಸಿತ್ತು. ಘಟ್ಟ ಎಂದರೆ ಪರ್ವತವಲ್ಲ. ಇಳಿಯುವ ಮೆಟ್ಟಿಲು, ದಾಟುವ ದಾರಿ. ಸ್ನಾನಘಟ್ಟದಲ್ಲೂ ಅದೇ ಅರ್ಥ. ಕರಾವಳಿಯವರು ಘಟ್ಟ ಹತ್ತುತ್ತಾರೆ, ಘಟ್ಟದ ಮೇಲಿನವರೊಂದಿಗೆ ನೆಂಟಸ್ತನ ಬೆಳೆಸುತ್ತಾರೆ, ಮತ್ತೆ ಘಟ್ಟ ಇಳಿಯುತ್ತಾರೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಎಲ್ಲವೂ ಘಾಟಿಗಳೇ, ಅಂದರೆ ದಾರಿಗಳೇ. ದಾರಿಯ ಹೆಸರನ್ನು ಇಡೀ ಸಾಲಿಗೆ ಅಂಟಿಸಿದ್ದು ಪರದೇಶಿ ನಕಾಶೆ. ಆ ತಪ್ಪಿನಿಂದ ಒಳ್ಳೆಯದೇ ಆಯಿತು ಎನ್ನಬಹುದು. ಒಂದೇ ಕಡೆಯಿಂದ ಬೆಟ್ಟವಾಗಿರುವ ಬೆಟ್ಟಕ್ಕೆ ಒಂದು ಪದ ಸಿಕ್ಕಿತು.

ಈ ಪದ ಹಿಡಿದು ಚಂದ್ರನತ್ತ ಹೋಗೋಣ. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಕಂಡದ್ದು ಇಷ್ಟು: ಚಂದ್ರನ ಬೆಳಕು-ಕತ್ತಲ ಗಡಿಯಾಚೆ, ಕತ್ತಲೆಯ ಕಡೆಯಲ್ಲಿ, ಕೆಲವು ಚುಕ್ಕೆಗಳು ಒಂಟಿಯಾಗಿ ಹೊಳೆಯುತ್ತವೆ. ಬೆಳಗಾಗುವ ಮುಂಚೆ ಗೋಪುರದ ಕಳಶಕ್ಕೆ ಬಿಸಿಲು ಬೀಳುವಂತೆ. ಗಡಿಯಿಂದ ಚುಕ್ಕೆಗಿರುವ ದೂರ ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಪಾಲು ಎಂದು ಅವನ ಅಂದಾಜು. ಚಂದ್ರನ ವ್ಯಾಸ 2,000 ಇಟಾಲಿಯನ್ ಮೈಲಿ ಎಂದಿಟ್ಟುಕೊಂಡರೆ ತ್ರಿಜ್ಯ 1,000, ಆ ದೂರ 100. ಲಂಬಕೋನ ತ್ರಿಕೋನದ ಸೂತ್ರದಂತೆ 1,000ದ ವರ್ಗಕ್ಕೆ 100ರ ವರ್ಗ ಕೂಡಿಸಿ ಮೂಲ ತೆಗೆದರೆ 1,004ಕ್ಕೂ ಹೆಚ್ಚು. ಆದ್ದರಿಂದ ಬೆಟ್ಟದ ಎತ್ತರ ನಾಲ್ಕು ಮೈಲಿಗೂ ಮೇಲು. ಈ ಲೆಕ್ಕದ ಸೊಗಸು ಮತ್ತೊಂದರಲ್ಲಿದೆ: ಇದಕ್ಕೆ ಕಡಲು ಬೇಕಿಲ್ಲ. ಸೊನ್ನೆಯ ಜಾಗದಲ್ಲಿ ಅವನು ಇಟ್ಟದ್ದು ನಯವಾದ ಒಂದು ಗೋಲ. ಇಂದಿಗೂ ಚಂದ್ರನ ಎತ್ತರಗಳನ್ನು ಅಳೆಯುವುದು 1,737.4 ಕಿ.ಮೀ. ತ್ರಿಜ್ಯದ ಗೋಲದಿಂದಲೇ. 2008ರಲ್ಲಿ ಹೊರಟ ಚಂದ್ರಯಾನ-1ರ ಲೇಸರ್ ಉಪಕರಣವೂ ನೆಲಕ್ಕೆ ಮಿಡಿತ ಕಳಿಸಿ, ಅದು ಹಿಂದಿರುಗುವ ಹೊತ್ತಿನಿಂದ ಎತ್ತರ ಲೆಕ್ಕ ಹಾಕಿತು.

ಚಂದ್ರನ ಬೆಟ್ಟಗಳಿಗೆ ಭೂಮಿಯ ಹೆಸರು ಬಂದದ್ದರಲ್ಲಿ 1647ರ ಹೆವೆಲಿಯಸ್‌ನ ನಕಾಶೆಯ ಪಾಲು ದೊಡ್ಡದು. ಅಪೆನೈನ್, ಆಲ್ಪ್ಸ್ ಎಂದು ಅವನಿಟ್ಟ ಹೆಸರುಗಳು ಉಳಿದವು. ಹೆಸರಿನಿಂದ ಮೋಸ ಹೋಗಬಾರದು. ಚಂದ್ರನ ಅಪೆನೈನ್ ಸಾಲು ಸುಮಾರು 600 ಕಿ.ಮೀ. ಉದ್ದ, ಅದರ ಹೈಗೆನ್ಸ್ ಶಿಖರ ಐದು ಕಿ.ಮೀ. ದಾಟುತ್ತದೆ. ಆದರೆ ಅಲ್ಲಿ ಭೂಫಲಕಗಳಿಲ್ಲ, ಡಿಕ್ಕಿಯೂ ಇಲ್ಲ. ಸುಮಾರು 390 ಕೋಟಿ ವರ್ಷಗಳ ಹಿಂದೆ ದೊಡ್ಡ ಕಾಯವೊಂದು ಬಡಿದು, ಸಾವಿರ ಕಿ.ಮೀ.ಗೂ ಅಗಲದ ಇಂಬ್ರಿಯಂ ಹಳ್ಳವಾದಾಗ ಅದರ ದಂಡೆಯಾಗಿ ಎದ್ದದ್ದು ಈ ಸಾಲು. ಆಲ್ಪ್ಸ್, ಕಾಕಸಸ್, ಕಾರ್ಪೇತಿಯನ್ ಎಂಬ ಅಲ್ಲಿನ ಬೇರೆ ಸಾಲುಗಳೂ ಅದೇ ದಂಡೆಯ ತುಂಡುಗಳು. ಹಳ್ಳದ ಕಡೆಗೆ ಕಡಿದಾದ ಇಳಿಜಾರು, ಹಿಂಬದಿಗೆ ನಿಧಾನವಾದ ಓರೆ. ಓದುಗರಿಗೆ ಆಗುಂಬೆ ನೆನಪಾದರೆ ತಪ್ಪಿಲ್ಲ. ಹುಟ್ಟಿದ ಬಗೆ ಪೂರ್ತಿ ಬೇರೆಯಾದರೂ ಆಕಾರದಲ್ಲಿ ಇದೊಂದು ಘಟ್ಟ. 1971ರ ಜುಲೈ ಕೊನೆಯಲ್ಲಿ ಅಪೊಲೊ 15ರ ಇಬ್ಬರು ಯಾತ್ರಿಗಳು ಇಳಿದದ್ದು ಈ ಘಟ್ಟದ ಕೆಳಗೆ, ಹ್ಯಾಡ್ಲಿ ಬೆಟ್ಟದ ಬಳಿ. ಎತ್ತರದ ಸೊನ್ನೆಯನ್ನು ಬದಲಿಸಿದರೆ ಚಂದ್ರನಲ್ಲೂ ಕ್ರಮ ತಲೆಕೆಳಗಾಗುತ್ತದೆ. ಗೋಲದಿಂದ ಎಣಿಸಿದರೆ ಅತಿ ಎತ್ತರದ ಬಿಂದು ಇರುವುದು ನಮಗೆ ಕಾಣದ ಹಿಂಬದಿಯಲ್ಲಿ, 10,786 ಮೀ. ಅಲ್ಲಿ ಶಿಖರವೆಂಬುದೇ ಇಲ್ಲ. ಸುತ್ತಲಿನ ನೆಲ ಮೂರು ಡಿಗ್ರಿಯಷ್ಟು ಓರೆಯಾಗಿ ಏರುತ್ತಾ ಹೋಗುತ್ತದೆ. ನಿಂತವನಿಗೆ ತಾನು ಚಂದ್ರನ ನೆತ್ತಿಯಲ್ಲಿದ್ದೇನೆಂದು ಗೊತ್ತೂ ಆಗಲಾರದು.

ಮಂಗಳನ ಕಥೆ ಇನ್ನೂ ಸ್ವಾರಸ್ಯದ್ದು. 1879ರಲ್ಲಿ ಸ್ಕಿಯಾಪರೆಲ್ಲಿ ಕಂಡ ಬಿಳಿಚುಕ್ಕೆಗೆ ಒಲಿಂಪಸ್‌ನ ಹಿಮ ಎಂಬರ್ಥದ ಹೆಸರಿಟ್ಟ. ಅದು ಬೆಟ್ಟವೆಂದು ಖಚಿತವಾದದ್ದು 1971ರ ನವೆಂಬರಿನಲ್ಲಿ ಮ್ಯಾರಿನರ್ 9 ಅಲ್ಲಿಗೆ ತಲುಪಿದಾಗ. ಇಡೀ ಗ್ರಹ ದೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಆ ದೂಳಿನ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಮಾತ್ರ ತಲೆ ಎತ್ತಿದ್ದವು. ನಾಲ್ಕೂ ಜ್ವಾಲಾಮುಖಿಗಳ ನೆತ್ತಿಗಳು: ಒಲಿಂಪಸ್, ಮತ್ತು ಸಾಲಾಗಿ ನಿಂತ ಆಸ್ಕ್ರಿಯಸ್, ಪವೋನಿಸ್, ಆರ್ಸಿಯಾ. ದೂಳು ಕುಳಿತ ಮೇಲೆ ಪ್ರಶ್ನೆ ಎದ್ದಿತು. ಎತ್ತರ ಅಳೆಯುವುದು ಎಲ್ಲಿಂದ?

ಆಗ ಆರಿಸಿಕೊಂಡ ಸೊನ್ನೆ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲೇ ಅತ್ಯಂತ ಚೆಂದದ್ದು. ಗಾಳಿಯ ಒತ್ತಡ 6.1 ಮಿಲಿಬಾರ್ ಇರುವ ಮಟ್ಟವೇ ಮಂಗಳನ ಸೊನ್ನೆ ಎಂದರು. ಈ ಅಂಕಿ ಎಲ್ಲಿಂದ ಬಂತು? ನೀರು ಮಂಜುಗಡ್ಡೆಯಾಗಿ, ದ್ರವವಾಗಿ, ಆವಿಯಾಗಿ ಮೂರೂ ರೂಪದಲ್ಲಿ ಒಟ್ಟಿಗೆ ಇರಬಲ್ಲ ಒತ್ತಡ ಅದು. ಅದಕ್ಕಿಂತ ಮೇಲಿನ ನೆಲದಲ್ಲಿ ದ್ರವರೂಪದ ನೀರು ನಿಲ್ಲಲಾರದು. ಕೆಳಗೆ, ಬಿಸಿ ಸರಿಯಾಗಿದ್ದರೆ, ನಿಲ್ಲಬಹುದು. ಕಡಲಿಲ್ಲದ ಗ್ರಹಕ್ಕೆ ನೀರಿನ ಗುಣದಿಂದಲೇ ಒಂದು ಕಡಲಮಟ್ಟ ಕಟ್ಟಿದರು. ಆದರೆ ಚೆಂದವಿದ್ದದ್ದೆಲ್ಲ ಬಾಳಿಕೆ ಬರುವುದಿಲ್ಲ. ಮಂಗಳನ ಗಾಳಿ ಬಹುತೇಕ ಇಂಗಾಲದ ಡೈಆಕ್ಸೈಡು. ಚಳಿಗಾಲದಲ್ಲಿ ಅದರ ದೊಡ್ಡ ಪಾಲು ಧ್ರುವದಲ್ಲಿ ಹೆಪ್ಪುಗಟ್ಟುವುದರಿಂದ ಒತ್ತಡ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಸೊನ್ನೆಯೇ ವರ್ಷಕ್ಕೊಮ್ಮೆ ಉಸಿರಾಡಿದರೆ ಅಳತೆ ನಿಲ್ಲುವುದೆಲ್ಲಿ? ಮುಂದೆ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಲೇಸರ್ ಉಪಕರಣ 60 ಕೋಟಿಗೂ ಮೀರಿ ಬಿಂದುಗಳನ್ನು ಅಳೆದ ಮೇಲೆ ಸೊನ್ನೆಯನ್ನು ಗುರುತ್ವಕ್ಕೆ ಕಟ್ಟಿದರು. ಸಮಭಾಜಕದ ಸರಾಸರಿ ತ್ರಿಜ್ಯವಾದ 3,396 ಕಿ.ಮೀ.ಗೆ ಹೊಂದುವ ಸಮಗುರುತ್ವ ಮೇಲ್ಮೈ ಈಗಿನ ಸೊನ್ನೆ.

ಹಳೆಯ ಪುಸ್ತಕಗಳಲ್ಲಿ ಒಲಿಂಪಸ್ 25, 27 ಕಿ.ಮೀ. ಎಂದೂ, ಈಚಿನವುಗಳಲ್ಲಿ 21, 22 ಎಂದೂ ಇರುವುದು ಇದೇ ಕಾರಣಕ್ಕೆ, ಜೊತೆಗೆ ಉಪಕರಣ ಸುಧಾರಿಸಿದ್ದಕ್ಕೆ. ಬೆಟ್ಟ ಕುಗ್ಗಿಲ್ಲ. ಹೊಸ ಸೊನ್ನೆಯಿಂದ ನೆತ್ತಿ ಸುಮಾರು 21 ಕಿ.ಮೀ. ವಾಯವ್ಯಕ್ಕೆ ಸಾವಿರ ಕಿ.ಮೀ. ದೂರದ ಅಮೆಜೋನಿಸ್ ಬಯಲು ಸೊನ್ನೆಗಿಂತಲೂ ತಗ್ಗಿನಲ್ಲಿದೆ. ಅಲ್ಲಿಂದ ಎಣಿಸಿದರೆ ಮತ್ತೆ 25ರ ಹತ್ತಿರ. ನೆರೆಯ ಮೂರು ಬೆಟ್ಟಗಳಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಆಸ್ಕ್ರಿಯಸ್ ಮಟ್ಟದೆತ್ತರದಲ್ಲಿ ಸುಮಾರು 18 ಕಿ.ಮೀ., ತಪ್ಪಲೆತ್ತರದಲ್ಲಿ 15. ಪವೋನಿಸ್ 14, ತಪ್ಪಲಿನಿಂದ ಎಂಟು ಚಿಲ್ಲರೆ. ಅವು ನಿಂತಿರುವುದು ಥಾರ್ಸಿಸ್ ಎಂಬ ಖಂಡದಷ್ಟು ಅಗಲದ ಉಬ್ಬಿನ ಮೇಲೆ. ಚಿಕ್ಕಮಗಳೂರಿನ ಲೆಕ್ಕವೇ ಇಲ್ಲೂ. ಇನ್ನು ಒಲಿಂಪಸ್ ಹತ್ತುವವನಿಗೆ ಉಸಿರು ಕಟ್ಟುವುದು ಏರಿನಿಂದಲ್ಲ. ಅಗಲ ಸುಮಾರು 600 ಕಿ.ಮೀ.; ಅಂಚಿನ ಕಡಿಬಂಡೆ ದಾಟಿದ ಮೇಲೆ ಸರಾಸರಿ ಹದಿನಾಲ್ಕು ಮೀಟರಿಗೆ ಒಂದು ಮೀಟರು ಏರು. ಸಕಲೇಶಪುರದ ರೈಲುದಾರಿ ಐವತ್ತಕ್ಕೆ ಒಂದು. ಮಂಗಳನ ಮಹಾಪರ್ವತ ಅದಕ್ಕಿಂತ ಮೂರೂವರೆ ಪಟ್ಟು ಕಡಿದು, ಅಷ್ಟೇ.

ಶುಕ್ರನಲ್ಲಿ ಸೊನ್ನೆ ಎಂದರೆ ಗ್ರಹದ ಸರಾಸರಿ ತ್ರಿಜ್ಯ, ಸುಮಾರು 6,052 ಕಿ.ಮೀ. ಅಲ್ಲಿಂದ ಮ್ಯಾಕ್ಸ್‌ವೆಲ್ ಪರ್ವತ 11 ಕಿ.ಮೀ. ಮೋಡ ಎಂದೂ ಸರಿಯದ ಆ ಗ್ರಹದಲ್ಲಿ ಅದನ್ನು ಕಂಡದ್ದು ರೇಡಾರ್. ಶುಕ್ರನ ನೆಲರೂಪಗಳಿಗೆಲ್ಲ ಹೆಣ್ಣಿನ ಹೆಸರಿಡುವ ನಿಯಮಕ್ಕೆ ಈ ಭೌತವಿಜ್ಞಾನಿಯ ಹೆಸರು ಹಳೆಯ ಅಪವಾದ. ಗುರುವಿನ ಉಪಗ್ರಹ ಅಯೊದಲ್ಲಿ ಬೂಸಾಲೆ ಪರ್ವತ ಸುಮಾರು 17.5 ಕಿ.ಮೀ. ಇಡೀ ಅಯೊ ಜ್ವಾಲಾಮುಖಿಗಳ ಬೀಡಾದರೂ ಇದು ಜ್ವಾಲಾಮುಖಿಯಲ್ಲ. ಮೇಲೆ ಲಾವಾ ಸುರಿದಂತೆಲ್ಲ ಕೆಳಗಿನ ಪದರ ಕುಸಿದು, ಜಾಗ ಸಾಲದೆ ಒತ್ತಿಕೊಂಡು, ಮುರಿದು ಎದ್ದ ತುಂಡು. ವೆಸ್ಟಾ ಕ್ಷುದ್ರಗ್ರಹದ ವ್ಯಾಸವೇ ಸುಮಾರು 525 ಕಿ.ಮೀ.; ಅದರ ದಕ್ಷಿಣದ ರಿಯಾಸಿಲ್ವಿಯಾ ಕುಳಿಯ ನಡುಗೋಪುರ ಇಪ್ಪತ್ತು ಕಿ.ಮೀ. ಮೀರುತ್ತದೆ. ಇಂಥ ಕಡೆ ಸೊನ್ನೆ ಕುಳಿಯ ತಳವೇ. ಗೋಲವಾಗಿಯೇ ಇಲ್ಲದ ಕಾಯಕ್ಕೆ ಸರಾಸರಿ ತ್ರಿಜ್ಯ ಹಿಡಿದು ಪ್ರಯೋಜನವಿಲ್ಲ.

ಹೀಗೆ ಬಂದ ಅಂಕಿಗಳಿಂದ ಒಂದು ನಿಯಮ ಹೊರಡುತ್ತದೆಯೇ? ಭೌತವಿಜ್ಞಾನಿ ವಿಕ್ಟರ್ ವೈಸ್ಕಾಫ್ 1975ರ ಒಂದು ಪ್ರಸಿದ್ಧ ಲೇಖನದಲ್ಲಿ ಬೆಟ್ಟ ಎಷ್ಟು ಎತ್ತರವಾಗಬಹುದು ಎಂದು ಅಣುಗಳಿಂದ ಲೆಕ್ಕ ಹಾಕಿದ್ದರು. ಬೆಟ್ಟ ಬೆಳೆದಂತೆ ಬುಡದ ಮೇಲಿನ ಭಾರ ಹೆಚ್ಚುತ್ತದೆ; ಒಂದು ಹಂತದಲ್ಲಿ ಬುಡದ ಬಂಡೆ ತಾಳಲಾರದೆ ಹರಿಯುತ್ತದೆ. ಬಂಡೆಯ ಗಟ್ಟಿತನ ಎಲ್ಲೆಡೆ ಸುಮಾರು ಒಂದೇ ಎಂದುಕೊಂಡರೆ ಎತ್ತರವನ್ನು ಗುರುತ್ವದಿಂದ ಗುಣಿಸಿದ ಅಂಕಿ ಎಲ್ಲ ಲೋಕಗಳಲ್ಲೂ ಒಂದೇ ಮಿತಿಗೆ ಒಳಪಡಬೇಕು. ನಾನು ಗುಣಿಸಿ ನೋಡಿದೆ, ಕಿ.ಮೀ.ಗಳಲ್ಲಿ ಎತ್ತರ, ಸೆಕೆಂಡಿನ ವರ್ಗಕ್ಕೆ ಮೀಟರುಗಳಲ್ಲಿ ಗುರುತ್ವ. ಎವರೆಸ್ಟಿಗೆ 87, ಮ್ಯಾಕ್ಸ್‌ವೆಲ್‌ಗೆ 98, ಒಲಿಂಪಸ್‌ಗೆ ಸುಮಾರು 80. ಮೂರು ಗ್ರಹ, ಮೂರು ಹತ್ತಿರದ ಅಂಕಿಗಳು. ಇದನ್ನು ಕಂಡಾಗ ಯಾರಿಗಾದರೂ ಖುಷಿಯಾಗುತ್ತದೆ, ನನಗೂ ಆಯಿತು.

ಆದರೆ ಮೂರರ ಸೊನ್ನೆಯೂ ಬೇರೆ. ಎವರೆಸ್ಟಿಗೆ ತಪ್ಪಲೆತ್ತರ ಹಿಡಿದರೆ 87 ಇದ್ದದ್ದು 40ರ ಕೆಳಗೆ ಬರುತ್ತದೆ. ಮೌನಾ ಕೆಯಾಕ್ಕೆ ಅದೇ ತಪ್ಪಲೆತ್ತರದಿಂದ 100ರ ಹತ್ತಿರ. ಹಾಗಾಗಿ ಮೇಲಿನ ಹೊಂದಾಣಿಕೆಯಲ್ಲಿ ಒಂದಷ್ಟು ಭಾಗ ನಾವು ಸೊನ್ನೆ ಆರಿಸಿದ ರೀತಿಯಿಂದ ಬಂದದ್ದು. ಚಿಕ್ಕ ಲೋಕಗಳಲ್ಲಿ ಚಿತ್ರವೇ ಬೇರೆ. ಅಯೊಗೆ 31, ಚಂದ್ರನ ಅತಿ ಎತ್ತರದ ಬಿಂದುವಿಗೆ 17, ವೆಸ್ಟಾಕ್ಕೆ ಐದೋ ಆರೋ. ಅಲ್ಲಿನ ಬೆಟ್ಟಗಳು ಬಂಡೆಯ ಮಿತಿಯ ಹತ್ತಿರಕ್ಕೂ ಬಂದಿಲ್ಲ. ಚಂದ್ರನಲ್ಲಿ ಐವತ್ತು ಕಿ.ಮೀ. ಬೆಟ್ಟವನ್ನು ಬಂಡೆ ಹೊರಬಲ್ಲದು, ಆದರೆ ಅಷ್ಟೆತ್ತರ ಕಟ್ಟುವ ಕೈ ಅಲ್ಲಿಲ್ಲ. ದೊಡ್ಡ ಗ್ರಹದಲ್ಲಿ ಎತ್ತರಕ್ಕೆ ತಡೆ ಹಾಕುವುದು ಭಾರ, ಚಿಕ್ಕದರಲ್ಲಿ ಬಡತನ. ಇಷ್ಟನ್ನು ಮಾತ್ರ ಈ ಗುಣಾಕಾರದಿಂದ ನೆಮ್ಮದಿಯಾಗಿ ಹೇಳಬಹುದು.

ಸೊನ್ನೆಯ ಆಯ್ಕೆ ಕೇವಲ ಪಂಡಿತರ ಜಗಳವಲ್ಲ ಎಂಬುದಕ್ಕೆ ಅರಾವಳಿಯೇ ಸಾಕ್ಷಿ. ದೆಹಲಿಯಿಂದ ಗುಜರಾತಿನವರೆಗೆ ಸುಮಾರು 700 ಕಿ.ಮೀ. ಹಬ್ಬಿದ ಈ ಸಾಲು ಹಿಮಾಲಯ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಮುದಿಯಾಗಿತ್ತು. ಎಲ್ಲಿ ಗಣಿಗಾರಿಕೆ ಕೂಡದೆಂದು ಹೇಳಲು ಅರಾವಳಿ ಬೆಟ್ಟ ಎಂದರೇನು ಎಂಬ ವ್ಯಾಖ್ಯೆ ಬೇಕಾಯಿತು. ಸುತ್ತಲಿನ ನೆಲಕ್ಕಿಂತ 100 ಮೀ. ಅಥವಾ ಹೆಚ್ಚು ಎತ್ತರವಿದ್ದದ್ದು ಬೆಟ್ಟ, 500 ಮೀ. ಅಂತರದೊಳಗೆ ಅಂಥ ಎರಡೋ ಹೆಚ್ಚೋ ಇದ್ದರೆ ಅದು ಸಾಲು ಎಂಬ ವ್ಯಾಖ್ಯೆಯನ್ನು 2025ರ ನವೆಂಬರ್ 20ರಂದು ಸುಪ್ರೀಂ ಕೋರ್ಟ್ ಒಪ್ಪಿತು. ದೊಡ್ಡ ವಿರೋಧದ ನಂತರ ಡಿಸೆಂಬರ್ 29ರಂದು ತಾನೇ ಆ ಆದೇಶವನ್ನು ತಡೆಹಿಡಿಯಿತು. ಈ ಟಿಪ್ಪಣಿಯ ಮಾತಿನಲ್ಲಿ ಹೇಳುವುದಾದರೆ ಕಾನೂನು ಇಲ್ಲಿ ಮಟ್ಟದೆತ್ತರ ಬಿಟ್ಟು ತಪ್ಪಲೆತ್ತರ ಹಿಡಿಯಿತು. ತಾತ್ವಿಕವಾಗಿ ಅದು ತಪ್ಪಲ್ಲ. ಕಡಲಿನಿಂದ ಅಳೆದರೆ ರಾಜಸ್ಥಾನದ ಎಷ್ಟೋ ಹೊಲಗಳೂ ಬೆಟ್ಟವಾದಾವು. ಆದರೆ ಹಳೆಯ ಬೆಟ್ಟಗಳಿಗೆ ತಪ್ಪಲೆತ್ತರ ಅನ್ಯಾಯದ ಅಳತೆ ಎಂಬುದು ನನ್ನ ಅಭಿಪ್ರಾಯ. ಸಾವಿರಾರು ಲಕ್ಷ ವರ್ಷ ಸವೆದು ಬಿದ್ದ ಮಣ್ಣು, ಗಾಳಿ ತಂದ ಮರಳು ಅವುಗಳ ಕಾಲಬುಡದಲ್ಲೇ ರಾಶಿಯಾಗುತ್ತವೆ. ತುದಿ ಇಳಿಯುತ್ತದೆ, ಬುಡ ಏರುತ್ತದೆ. ಎರಡೂ ಕಡೆಯಿಂದ ಎತ್ತರ ಕಳೆದುಕೊಂಡ ಬೆಟ್ಟಕ್ಕೆ ನೂರು ಮೀಟರಿನ ಪರೀಕ್ಷೆ ಇಟ್ಟರೆ ಮುದಿತನವೇ ಅದರ ಅನರ್ಹತೆಯಾಗುತ್ತದೆ. ಅಂಟಾರ್ಕ್ಟಿಕಾದ ಹಿಮದಡಿ ಹೂತಿರುವ, ಆಲ್ಪ್ಸ್‌ನಷ್ಟು ದೊಡ್ಡ ಗಾಂಬುರ್ಟ್ಸೆವ್ ಸಾಲಿಗೆ ಹಿಮದ ಮೇಲ್ಮೈಯೇ ಸೊನ್ನೆ ಎಂದರೆ ಅದು ಪರ್ವತವೇ ಅಲ್ಲ. 1958ರಲ್ಲಿ ಸೋವಿಯತ್ ತಂಡ ಅದನ್ನು ಪತ್ತೆ ಹಚ್ಚುವವರೆಗೆ ಹಾಗೆಯೇ ಇತ್ತು.

ಕೊನೆಯದಾಗಿ ಪ್ಲೂಟೊ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕದಲ್ಲಿ ಹಾದುಹೋದಾಗ ಬಿಳಿ ಬಯಲಿನ ಅಂಚಿನಲ್ಲಿ ಬೆಟ್ಟಗಳು ಕಂಡವು. ಎರಡು ಸಾಲುಗಳಿಗೆ 2017ರಲ್ಲಿ ಅಧಿಕೃತವಾಗಿ ಹಿಲರಿ, ತೇನ್‌ಸಿಂಗ್ ಎಂದು ಹೆಸರಾಯಿತು. ತೇನ್‌ಸಿಂಗ್ ಸಾಲು ಆರು ಕಿ.ಮೀ. ಮುಟ್ಟುತ್ತದೆ, ಹಿಲರಿ ಮೂರೂವರೆ. ಎವರೆಸ್ಟ್ ಹತ್ತಿದ ಮೊದಲಿಗರಾದ ಈ ಇಬ್ಬರಲ್ಲಿ ಯಾರು ಮೊದಲು ನೆತ್ತಿ ಮುಟ್ಟಿದರೆಂದು ಎಷ್ಟೋ ಕಾಲ ಜಗಳವಾಡಿದವರಿಗೆ ಪ್ಲೂಟೊ ತನ್ನದೇ ಉತ್ತರ ಕೊಟ್ಟಂತಿದೆ. ಬಂಡೆಯ ಬದಲು ಈ ಬೆಟ್ಟಗಳು ನೀರಿನ ಮಂಜುಗಡ್ಡೆಯವು. ಮೈನಸ್ 230 ಡಿಗ್ರಿಯ ಚಳಿಯಲ್ಲಿ ಅದು ಬಂಡೆಯಷ್ಟೇ ಗಟ್ಟಿ. ಎತ್ತರ ಎಣಿಸಿದ್ದು ಅವುಗಳ ಬುಡದಲ್ಲಿರುವ ಸ್ಪುಟ್ನಿಕ್ ಬಯಲಿನ ಕಡೆಯಿಂದ. ಆ ಬಯಲು ಸುತ್ತಲಿನ ನೆಲಕ್ಕಿಂತ ಕಿಲೋಮೀಟರುಗಳಷ್ಟು ತಗ್ಗಿನಲ್ಲಿದೆ, ಅದು ಸಾರಜನಕದ ಮಂಜು. ನೀರಿನ ಮಂಜಿಗಿಂತ ಎಷ್ಟೋ ಮೆದು. ಕೆಳಗಿನ ಅಲ್ಪ ಬಿಸಿಗೇ ಅದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಮಗುಚಿಕೊಳ್ಳುತ್ತಿದೆ, ಸಣ್ಣ ಉರಿಯಲ್ಲಿಟ್ಟ ಗಂಜಿಯಂತೆ. ಸುಮಾರು ಐದು ಲಕ್ಷ ವರ್ಷಕ್ಕೊಮ್ಮೆ ಅದರ ಮೇಲ್ಮೈ ಪೂರ್ತಿ ಹೊಸದಾಗುತ್ತದೆ ಎಂದು ಲೆಕ್ಕ. ಅಂಚಿನ ಬೆಟ್ಟಗಳಿಂದ ಕಳಚಿಬಿದ್ದ ನೀರ್ಗಲ್ಲಿನ ಚೂರುಗಳು, ಸಾರಜನಕಕ್ಕಿಂತ ಹಗುರವಾದ್ದರಿಂದ, ಅದರ ಮೇಲೆ ತೇಲುತ್ತಿವೆ.